ಬಕೆಟ್ಟಿನ ಚೂರು ಹಿಡಿದು ಪೀಣ್ಯಕ್ಕೆ

ಚೂರು ಅಂಗೈಯಗಲ, ನೀಲಿ ಬಣ್ಣ. ಒಡೆದ ಅಂಚಿಗೆ ಉಗುರು ಹಾಕಿ ಎಳೆದರೆ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಒಂದು ಪದರ ಎದ್ದು ಬರುತ್ತದೆ. ಬಕೆಟ್ ಕೊಂಡು ಮೂರು ತಿಂಗಳಾಗಿತ್ತಷ್ಟೆ. ನೀರು ತುಂಬಿ ಎತ್ತಿದಾಗ ತಳದ ನಡುವಿನ ಪುಟ್ಟ ಗುಬುಟಿನಿಂದ ಅಂಚಿನವರೆಗೆ ಸ್ಕೇಲಿಟ್ಟು ಗೆರೆ ಎಳೆದಂತೆ ಸೀಳಿಹೋಯಿತು. ನಮ್ಮ ಬಚ್ಚಲಲ್ಲಿ ಅದರ ಪಕ್ಕವೇ ಇರುವ ಅಮ್ಮನ ಕಾಲದ ಕೆಂಪು ಬಕೆಟ್ ಮಾತ್ರ ಬಣ್ಣ ಮಾಸಿದ್ದರೂ ಗಟ್ಟಿಯಾಗಿಯೇ ಇದೆ.

ಅಂಗಡಿಯವರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಅದು ಮಿಕ್ಸ್ ಮಾಲು ಅಕ್ಕ. ಆ ರೇಟಿಗೆ ಇನ್ನೇನು ಬರುತ್ತೆ?"

ಮಿಕ್ಸ್ ಮಾಲು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಅಡುಗೆಮನೆಯಲ್ಲಿ ಬೆರಕೆ ಎಂದರೆ ಕೆಟ್ಟದ್ದಲ್ಲ. ಅಕ್ಕಿಯೊಂದನ್ನೇ ರುಬ್ಬಿದರೆ ದೋಸೆ ಬಿರುಸು, ಉದ್ದೊಂದನ್ನೇ ರುಬ್ಬಿದರೆ ಅಂಟು. ಎರಡೂ ಸೇರಿದಾಗಲೇ ಹದ. ಹಾಗಿದ್ದರೆ ಎರಡು ಒಳ್ಳೆಯ ಪ್ಲಾಸ್ಟಿಕ್ ಸೇರಿದರೆ ಎರಡರ ನಡುವಿನ ಒಂದು ಹದವಾದರೂ ಬರಬೇಕಲ್ಲ? ಎರಡಕ್ಕಿಂತಲೂ ಕಡೆಯಾದದ್ದು ಯಾಕೆ ಬರುತ್ತದೆ? ಚೂರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೊದಲು ನಾಯಂಡಹಳ್ಳಿ. ಮೈಸೂರು ರಸ್ತೆಯ ಆಸುಪಾಸಿನ ಈ ಗಲ್ಲಿಗಳಿಗೆ ಬೆಂಗಳೂರು ಎಸೆದ ಪ್ಲಾಸ್ಟಿಕ್ಕಿನ ದೊಡ್ಡ ಪಾಲು ಬಂದು ಬೀಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ಟೆಂಪೊಗಳು ಮೂಟೆ ಇಳಿಸುತ್ತಿದ್ದವು. ಒಂದು ಗೋಡೌನಿನೊಳಗೆ ಆಳೆತ್ತರದ ರಾಶಿ, ಅದರ ಸುತ್ತ ಕಾಲು ಮಡಚಿ ಕೂತ ಮೂವರು ಹೆಂಗಸರು, ಪ್ರತಿಯೊಬ್ಬರ ಸುತ್ತಲೂ ಆರೇಳು ಚೀಲ. ಕೈಗೆ ಸಿಕ್ಕ ಶಾಂಪೂ ಬಾಟಲಿಯ ಮುಚ್ಚಳ ತಿರುಚಿ ತೆಗೆದು ಒಂದು ಚೀಲಕ್ಕೆ, ಬಾಟಲಿಯನ್ನು ಇನ್ನೊಂದಕ್ಕೆ ಎಸೆಯುತ್ತಿದ್ದರು. ಬಾಟಲಿ ಎಚ್‌ಡಿ, ಮುಚ್ಚಳ ಪಿಪಿ. ಎಸೆದ ಮನೆಯವರಿಗೆ ಅದು ಒಂದೇ ವಸ್ತು, ಇವರಿಗೆ ಎರಡು. ಎಚ್‌ಡಿ ಎಂದರೆ ಹೈ ಡೆನ್ಸಿಟಿ ಪಾಲಿಎಥಿಲೀನ್, ಪಿಪಿ ಎಂದರೆ ಪಾಲಿಪ್ರೊಪಿಲೀನ್. ಈ ಗಲ್ಲಿಯಲ್ಲಿ ಪೂರ್ತಿ ಹೆಸರು ಯಾರಿಗೂ ಬೇಕಿಲ್ಲ.

ಅವರಲ್ಲಿ ಹಿರಿಯಾಕೆಯ ಕೈ ನೋಡುತ್ತ ಕೂತೆ. ಚೂರನ್ನು ಬೆರಳಿಂದ ಚಿಮ್ಮಿ ಕಿವಿಗೊಡುತ್ತಾರೆ. ಪಿಪಿಯ ಸದ್ದು ಚುರುಕು, ಎಚ್‌ಡಿಯದು ಮೊಂಡು. ಅನುಮಾನ ಬಂದರೆ ಉಗುರಿನಿಂದ ಗೀರುತ್ತಾರೆ. ಮೇಣದ ಹಾಗೆ ಜಾರಿ ಗೆರೆ ಬಿದ್ದರೆ ಎಚ್‌ಡಿ, ಉಗುರು ಹಿಡಿಯದೆ ಜಾರಿದರೆ ಪಿಪಿ. ಆಗಲೂ ತಿಳಿಯದಿದ್ದರೆ ಲೈಟರ್. ಮೇಣದಬತ್ತಿ ಆರಿಸಿದ ವಾಸನೆ ಬಂದರೆ ಇವೆರಡರಲ್ಲಿ ಒಂದು, ದಟ್ಟ ಕರಿ ಹೊಗೆ ಎದ್ದರೆ ಪಾಲಿಸ್ಟೈರಿನ್ ಬಳಗದ್ದು, ಮೂಗಿಗೆ ಚುಚ್ಚುವ ಹೊಗೆ ಬಂದರೆ ಪಿವಿಸಿ. ಆ ಹೊಗೆ ಅವರ ಎದೆಗೂ ಹೋಗುತ್ತದೆ ಎಂಬುದನ್ನು ಬರೆಯದೆ ಮುಂದೆ ಹೋಗಲಾರೆ. ಅಲ್ಲಿದ್ದಷ್ಟು ಹೊತ್ತಿಗೇ ನನ್ನ ಗಂಟಲು ಕೆರೆಯತೊಡಗಿತ್ತು.

"ಇದನ್ನೆಲ್ಲ ಯಾರು ಕಲಿಸಿದ್ರು ಅಕ್ಕಾ?"

"ಕಲಿಸೋದೇನು ಮೇಡಂ, ಕೈಗೇ ಗೊತ್ತಾಯ್ತದೆ."

ಮೂಲೆಯಲ್ಲಿ ನೀರು ತುಂಬಿದ ಡ್ರಮ್ ಇತ್ತು. ಬಾಟಲಿಯ ಪೆಟ್, ಪೈಪಿನ ಪಿವಿಸಿ ನೀರಿಗಿಂತ ಭಾರ, ಮುಳುಗುತ್ತವೆ. ಪಿಪಿ, ಎಚ್‌ಡಿ, ಎಲ್‌ಡಿ (ಲೋ ಡೆನ್ಸಿಟಿ ಪಾಲಿಎಥಿಲೀನ್) ನೀರಿಗಿಂತ ಹಗುರ, ತೇಲುತ್ತವೆ. ಒಂದು ಘನ ಸೆಂಟಿಮೀಟರ್ ಪಿಪಿ ಸುಮಾರು 0.90 ಗ್ರಾಂ ತೂಗುತ್ತದೆ, ಎಚ್‌ಡಿ ಸುಮಾರು 0.95. ಇಡೀ ಕಥೆಯ ತೊಡಕು ಇಲ್ಲೇ ಇದೆ. ಪೆಟ್ಟನ್ನೂ ಪಿಪಿಯನ್ನೂ ನೀರು ಬೇರ್ಪಡಿಸಿಕೊಡುತ್ತದೆ. ಪಿಪಿಯನ್ನೂ ಎಚ್‌ಡಿಯನ್ನೂ ಬೇರ್ಪಡಿಸಲಾರದು, ಎರಡೂ ಒಟ್ಟಿಗೆ ತೇಲುತ್ತವೆ. ಈ ಜೋಡಿಯನ್ನು ಬಿಡಿಸಬೇಕಾದ್ದು ಉಗುರು ಮತ್ತು ಕಿವಿಯೇ. ದೊಡ್ಡ ಕಾರ್ಖಾನೆಗಳಲ್ಲಿ ಅವಕೆಂಪು ಕಿರಣ ಹಾಯಿಸಿ ಗುರುತು ಹಿಡಿಯುವ ಯಂತ್ರಗಳಿವೆ. ಆದರೆ ಕಪ್ಪು ಪ್ಲಾಸ್ಟಿಕ್ ಆ ಬೆಳಕನ್ನೇ ನುಂಗಿಬಿಡುವುದರಿಂದ ಯಂತ್ರಕ್ಕೂ ಅದು ಕಾಣುವುದಿಲ್ಲ.

ನನ್ನ ನೀಲಿ ಚೂರು ಕೊಟ್ಟೆ. ಚಿಮ್ಮಿದರು, ಹುಬ್ಬು ಗಂಟಿಕ್ಕಿದರು, ಗೀರಿದರು. ಕೊನೆಗೆ ಡ್ರಮ್ಮಿಗೆ ಹಾಕಿದರು. ಚೂರು ನಿಧಾನವಾಗಿ ತಳ ಸೇರಿತು.

"ಪೌಡರ್ ಹಾಕವ್ರೆ. ಒಳಗೆ ಎರಡೂ ಐತೆ. ಇದು ಯಾವ ಚೀಲಕ್ಕೂ ಇಲ್ಲ ಮೇಡಂ," ಎಂದು ವಾಪಸ್ ಕೊಟ್ಟರು.

ಪೌಡರ್ ಎಂದರೆ ಸುಣ್ಣದಕಲ್ಲಿನ ನುಣುಪು ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ಪ್ಲಾಸ್ಟಿಕ್ಕಿಗಿಂತ ಅಗ್ಗ, ಸುಮಾರು ಮೂರುಪಟ್ಟು ಭಾರ. ನೂರಕ್ಕೆ ಹದಿನೈದು ಪಾಲು ಸೇರಿದರೆ ಪಿಪಿ ನೀರಿನಲ್ಲಿ ತೇಲುವುದು ನಿಲ್ಲುತ್ತದೆ. ತೂಕದ ಮೇಲೆ ಮಾರುವ ಮಾಲಿನಲ್ಲಿ ಇದರ ಲಾಭ ಯಾರಿಗೆಂದು ಹೇಳಬೇಕಿಲ್ಲ. ಹಾಗೆಂದು ಪುಡಿ ಸದಾ ಮೋಸವೂ ಅಲ್ಲ. ಹದವರಿತು ಹಾಕಿದರೆ ಪ್ಲಾಸ್ಟಿಕ್ ಬಾಗದೆ ಬಿಗಿಯಾಗಿ ನಿಲ್ಲುತ್ತದೆ, ಬಿಸಿಗೆ ಬೇಗ ಸೊರಗುವುದಿಲ್ಲ. ಹದ ತಪ್ಪಿದರೆ ಪೆಟ್ಟು ತಾಳುವ ಶಕ್ತಿ ಹೋಗುತ್ತದೆ.

ಅಲ್ಲಿಂದ ಪೀಣ್ಯ. ಜಾಲಹಳ್ಳಿ ಕ್ರಾಸ್ ದಾಟಿ ಕೈಗಾರಿಕಾ ಪ್ರದೇಶದ ಒಳರಸ್ತೆಗಳಿಗೆ ಇಳಿದರೆ ಲೇತ್ ಸದ್ದು, ಪ್ರೆಸ್ ಸದ್ದು, ನಡುವೆ ಎಲ್ಲಿಂದಲೋ ಬಿಸಿ ಪ್ಲಾಸ್ಟಿಕ್ಕಿನ ಸಿಹಿಮಿಶ್ರಿತ ವಾಸನೆ. ನಾನು ಹೋದದ್ದು ಕಾಂಪೌಂಡಿಂಗ್ ಮಾಡುವ ಒಂದು ಸಣ್ಣ ಘಟಕಕ್ಕೆ. ಹಳೆ ಪ್ಲಾಸ್ಟಿಕ್ಕನ್ನು ಕರಗಿಸಿ, ಬೇಕಾದ್ದನ್ನು ಬೆರೆಸಿ, ಮತ್ತೆ ದಾನಾ ಮಾಡಿ ಮಾರುವುದು ಇವರ ಕೆಲಸ. ದಾನಾ ಎಂದರೆ ಕಾಳು. ಮೋಲ್ಡಿಂಗ್ ಮಾಡುವವರೆಲ್ಲ ಕೊಳ್ಳುವುದು ಈ ಕಾಳುಗಳ ರೂಪದಲ್ಲೇ. ಮಾಲೀಕರು ಮೈಸೂರಿನ ಸಿಪೆಟ್‌ನಲ್ಲಿ ಓದಿದವರು. ಸಿಪೆಟ್ 1968ರಲ್ಲಿ ಈಗಿನ ಚೆನ್ನೈಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಅದರ ಒಂದು ಕೇಂದ್ರವಿದೆ.

ಗೇಟಿನ ಬಲಕ್ಕೆ ಮೂಟೆಗಳ ಸಾಲು. ಪ್ರತಿ ಮೂಟೆಗೂ ಚಾಕ್‌ಪೀಸಿನ ಗುರುತು. ಮುಂದೆ ಗ್ರೈಂಡರ್, ಕಿವಿ ತೂತಾಗುವ ಸದ್ದು. ಅದರ ಮುಂದೆ ತೊಳೆಯುವ ತೊಟ್ಟಿ, ಒಣಗಿಸುವ ಯಂತ್ರ. ಇವನ್ನೆಲ್ಲ ಬೇಗ ದಾಟಿಸಿ ಮಾಲೀಕರು ನನ್ನನ್ನು ಎಕ್ಸ್‌ಟ್ರೂಡರ್ ಮುಂದೆ ನಿಲ್ಲಿಸಿದರು. ಅವರ ಮುಖ ಅರಳಿದ್ದು ಅಲ್ಲೇ.

ಉದ್ದನೆಯ ಉಕ್ಕಿನ ಕೊಳವೆ, ಒಳಗೆ ಒಂದೇ ದಿಕ್ಕಿಗೆ ತಿರುಗುವ ಎರಡು ಸ್ಕ್ರೂ, ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂರುತ್ತದೆ. ಸ್ಕ್ರೂವಿನ ಅಡ್ಡಗಲದ ನಲವತ್ತು ಪಟ್ಟು ಅದರ ಉದ್ದ. ಕೊಳವೆಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಬಿಸಿ, 180ರಿಂದ 220 ಡಿಗ್ರಿ ಸೆಲ್ಸಿಯಸ್. ಎಚ್‌ಡಿ ಕರಗಲು ಸುಮಾರು 130 ಡಿಗ್ರಿ ಸಾಕು, ಪಿಪಿಗೆ ಸುಮಾರು 165 ಬೇಕು. ಪೆಟ್ ಕರಗುವುದು 250 ದಾಟಿದ ಮೇಲೆ. ಅದರ ಚೂರು ಇಲ್ಲಿಗೆ ಬಂದರೆ ಅಕ್ಕಿಯೊಳಗಿನ ಕಲ್ಲಿನಂತೆ ಹಾಗೇ ಉಳಿದು, ಕರಗಿದ ಮಾಲು ಸೋಸುವ ಜಾಲರಿಯನ್ನು ಕಟ್ಟಿಬಿಡುತ್ತದೆ. ಪಿವಿಸಿ ಬಂದರೆ ಕಥೆ ಬೇರೆ. ಅದು ಈ ಬಿಸಿಗೆ ಕಂದಿ ಹೈಡ್ರೊಕ್ಲೋರಿಕ್ ಆಮ್ಲದ ಅನಿಲ ಬಿಡುತ್ತದೆ, ಕೆಲಸಗಾರರ ಕಣ್ಣನ್ನೂ ಸ್ಕ್ರೂವಿನ ಉಕ್ಕನ್ನೂ ತಿನ್ನುತ್ತದೆ.

ಕೊಳವೆಯ ಕೊನೆಯ ತೂತುಗಳಿಂದ ಕರಗಿದ ಪ್ಲಾಸ್ಟಿಕ್ ಶಾವಿಗೆ ಎಳೆಗಳಂತೆ ಹೊರಬಂದು ನೀರಿನ ತೊಟ್ಟಿಯಲ್ಲಿ ಈಜಿ, ಆಚೆ ಕಡೆ ಕಟರ್‌ಗೆ ಹೋಗಿ ಕಾಳು ಕಾಳಾಗಿ ಉದುರುತ್ತಿತ್ತು. ತೊಟ್ಟಿಯ ಪಕ್ಕ ನಿಂತ ಹುಡುಗನ ಕಣ್ಣು ಎಳೆಗಳ ಮೇಲೇ ಇತ್ತು. "ಮಾಲು ಸರಿ ಇಲ್ದಿದ್ರೆ ದಾರ ಕಡೀತಾನೇ ಇರುತ್ತೆ ಮೇಡಂ," ಎಂದ. ಲ್ಯಾಬಿನ ರಿಪೋರ್ಟ್ ಬರುವ ಮೊದಲೇ ಮಿಶ್ರಣದ ಗುಣ ಇವನಿಗೆ ತಿಳಿದಿರುತ್ತದೆ.

ಮಾಲೀಕರ ಮೇಜಿನ ಮೇಲೆ ನನ್ನ ಚೂರು ಇಟ್ಟು ಅದೇ ಪ್ರಶ್ನೆ ಕೇಳಿದೆ: ಅಷ್ಟು ಬಿಸಿ, ಅಷ್ಟು ತಿರುಪು, ಎರಡೂ ಕರಗಿ ಒಂದಾಗಲೇಬೇಕಲ್ಲ?

"ಕರಗ್ತವೆ. ಒಂದಾಗಲ್ಲ," ಎಂದರು. ಆಮೇಲೆ ವಿವರಿಸಿದರು. ಅವರು ಹೇಳಿದ್ದನ್ನೂ ನಾನು ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ಎರಡು ಬಣ್ಣದ ಬಿಡಿ ಮಣಿಗಳನ್ನು ಮೊರದಲ್ಲಿ ಹಾಕಿ ಕೇರಿದರೆ ತಾವಾಗಿಯೇ ಬೆರೆಯುತ್ತವೆ. ಒಂದೊಂದು ಮಣಿಗೂ ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯವಿದೆ, ಆ ಸ್ವಾತಂತ್ರ್ಯವೇ ಬೆರಕೆಯನ್ನು ಆಗಗೊಡುತ್ತದೆ. ಅದೇ ಮಣಿಗಳನ್ನು ಸಾವಿರಗಟ್ಟಲೆ ಉದ್ದದ ಸರಗಳಾಗಿ ಪೋಣಿಸಿದರೆ? ಮಣಿಗೆ ತನ್ನಿಚ್ಛೆ ಉಳಿಯಲಿಲ್ಲ, ಸರ ಎಳೆದತ್ತ ಹೋಗಬೇಕು. ಪ್ಲಾಸ್ಟಿಕ್ಕಿನ ಅಣು ಅಂಥ ಸರ. ಇದರ ಮೇಲೆ, ಪಿಪಿಯ ಮಣಿಗೆ ಎಚ್‌ಡಿಯ ಮಣಿಯ ನೆರೆ ಎಳ್ಳಷ್ಟು ಇಷ್ಟವಿಲ್ಲ ಅಂದುಕೊಳ್ಳಿ. ಬಿಡಿ ಮಣಿಗಳಲ್ಲಿ ಆ ಎಳ್ಳಷ್ಟು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಾವಿರ ಮಣಿಯ ಸರದಲ್ಲಿ ಅದು ಸಾವಿರಪಟ್ಟಾಗುತ್ತದೆ. ಈ ಲೆಕ್ಕವನ್ನು 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಬೇರೆ ಬೇರೆಯಾಗಿ ಮಾಡಿ ತೋರಿಸಿದರು. ಫ್ಲೋರಿಗೆ 1974ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸರ ಉದ್ದವಾದಷ್ಟೂ ಬೆರೆಯುವುದು ಕಷ್ಟ, ಪ್ಲಾಸ್ಟಿಕ್ ಜೋಡಿಗಳಲ್ಲಿ ಹೆಚ್ಚಿನವು ಬೆರೆಯುವುದೇ ಇಲ್ಲ.

ಹಾಗಾಗಿ ಎಕ್ಸ್‌ಟ್ರೂಡರ್ ಎಷ್ಟೇ ಕಡೆದರೂ ಆಗುವುದು ಒಂದರೊಳಗೆ ಇನ್ನೊಂದರ ಹನಿಗಳು, ಮಜ್ಜಿಗೆಯಲ್ಲಿ ಬೆಣ್ಣೆಯ ಕಣಗಳಂತೆ. ಚೆನ್ನಾಗಿ ಕಡೆದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಕೆಲವೇ ಭಾಗದಷ್ಟು ಸಣ್ಣ ಹನಿ, ಇಲ್ಲದಿದ್ದರೆ ದೊಡ್ಡವು. ತಣ್ಣಗಾದಾಗ ಹನಿ ಇದ್ದಲ್ಲೇ ಗಟ್ಟಿಯಾಗುತ್ತದೆ. ಹನಿಯ ಸರಗಳು ಹೊರಗಿನ ಸರಗಳಿಗೆ ಹೆಣೆದುಕೊಂಡಿರುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿರುತ್ತವೆ. ಎಳೆದಾಗ ಎರಡರ ನಡುವಿನ ಗಡಿ ಬಿಟ್ಟುಕೊಳ್ಳುತ್ತದೆ. ಹನಿ ಇದ್ದ ಜಾಗ ತೂತಾಗುತ್ತದೆ, ಬಿರುಕು ತೂತಿಂದ ತೂತಿಗೆ ಹಾರುತ್ತ ಹೋಗುತ್ತದೆ.

"ನಿಮ್ಮ ಬಕೆಟ್ ತಳದಲ್ಲಿ ಗುಬುಟು ಇತ್ತಲ್ಲ, ಅದೇ ಗೇಟು," ಎಂದು ಚೂರನ್ನು ತಿರುಗಿಸಿ ತೋರಿಸಿದರು. ಅಚ್ಚಿನೊಳಕ್ಕೆ ಕರಗಿದ ಪ್ಲಾಸ್ಟಿಕ್ ನುಗ್ಗುವುದು ಅಲ್ಲಿಂದ. ಅಲ್ಲಿಂದ ಎಲ್ಲ ಕಡೆಗೂ ಸೂರ್ಯನ ಕಿರಣದ ಹಾಗೆ ಹರಿಯುತ್ತದೆ, ಸರಗಳು ಹರಿದ ದಿಕ್ಕಿಗೇ ಮಲಗುತ್ತವೆ, ಹನಿಗಳೂ ಅದೇ ದಿಕ್ಕಿಗೆ ಹಿಗ್ಗಿ ಎಲೆಯಂತೆ ತೆಳ್ಳಗಾಗುತ್ತವೆ. ನನ್ನ ಉಗುರಿಗೆ ಎದ್ದ ಪದರ ಅದೇ. ಸೌದೆ ಎಳೆಯ ಗುಂಟ ಸೀಳುವಂತೆ ಬಕೆಟ್ ಗುಬುಟಿನಿಂದ ಅಂಚಿಗೆ ನೇರ ಸೀಳಿದ್ದಕ್ಕೂ ಇದೇ ಕಾರಣ. ಬಕೆಟ್ ಒಡೆದಂದಿನಿಂದ ನನ್ನನ್ನು ಕಾಡಿದ್ದ ಆ ನೇರ ಗೆರೆ ಆ ಕ್ಷಣ ಅರ್ಥವಾಯಿತು.

ಹಾಗಾದರೆ ಹನಿ ಇರುವುದೇ ಕೆಟ್ಟದ್ದೇ ಎಂದು ಕೇಳಿದ್ದಕ್ಕೆ ಅವರು ಕಿಟಕಿಯಾಚೆ ನಿಂತ ಕಾರಿನತ್ತ ಕೈ ತೋರಿದರು. ಅದರ ಬಂಪರ್ ಕೂಡ ಬೆರಕೆ ಮಾಲು: ಪಿಪಿ, ಅದರಲ್ಲಿ ರಬ್ಬರಿನಂಥ ಎಥಿಲೀನ್-ಪ್ರೊಪಿಲೀನ್ ಹನಿಗಳು, ಜೊತೆಗೆ ಟಾಲ್ಕ್ ಪುಡಿ. ಬರೀ ಪಿಪಿ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿಗೆ ಗಾಜಿನಂತಾಗುತ್ತದೆ. ರಬ್ಬರ್ ಹನಿ ಸೇರಿದರೆ ಪೆಟ್ಟಿನ ಬಲ ಒಂದೇ ಬಿರುಕಿಗೆ ಹೋಗದೆ ಸಾವಿರಾರು ಹನಿಗಳ ಸುತ್ತ ಸಣ್ಣ ಸಣ್ಣ ಸೀಳುಗಳಾಗಿ ಹಂಚಿಹೋಗುತ್ತದೆ. ಟಿವಿಯ ಹಿಂಬದಿ ಕವಚದಂಥ ಗಟ್ಟಿ ಪ್ಲಾಸ್ಟಿಕ್ ಬಗ್ಗಿಸಿದಾಗ ಬಿಳಿ ಗೆರೆ ಮೂಡುವುದನ್ನು ನೋಡಿದ್ದೀರಿ. ಆ ಬಿಳುಪು ಅಂಥ ಕಣ್ಣಿಗೆ ಕಾಣದ ಸೀಳುಗಳ ಗುಂಪು, ಪೆಟ್ಟನ್ನು ನುಂಗಿಕೊಂಡ ಗುರುತು. ಅಲ್ಲಿಯೂ ಹನಿ, ಇಲ್ಲಿಯೂ ಹನಿ. ಬಂಪರಿನ ಹನಿ ಸಣ್ಣದು, ಮೆತ್ತನೆಯದು, ಸುತ್ತಲಿನದನ್ನು ಹಿಡಿದುಕೊಂಡಿದೆ. ನನ್ನ ಬಕೆಟ್ಟಿನ ಹನಿ ಯಾವುದನ್ನೂ ಹಿಡಿದಿರಲಿಲ್ಲ.

ಆ ಹಿಡಿತವನ್ನು ಹೊರಗಿನಿಂದ ತಂದು ಹಾಕಲೂಬಹುದು. ಅರ್ಧ ಈ ಬಗೆಯ, ಅರ್ಧ ಆ ಬಗೆಯ ಮಣಿಗಳಿರುವ ಸರವನ್ನು ಸ್ವಲ್ಪ ಸೇರಿಸಿದರೆ ಅದು ಗಡಿಯಲ್ಲಿ ನಿಂತು ಎರಡೂ ಕಡೆ ಕಾಲು ಚಾಚುತ್ತದೆ. ಎರಡು ಮನೆಗೂ ಬೇಕಾದ ನೆಂಟರ ಹಾಗೆ. ಇದನ್ನು ಕಂಪ್ಯಾಟಿಬಿಲೈಸರ್ ಎನ್ನುತ್ತಾರೆ. ಪಿಪಿಗೂ ನೈಲಾನಿಗೂ ನಡುವೆ ಈ ನೆಂಟಸ್ತಿಕೆ ಮಾಡುವುದು ಮೆಲಿಕ್ ಅನ್‌ಹೈಡ್ರೈಡ್ ಕಸಿ ಕಟ್ಟಿದ ಪಿಪಿ. ಅದರ ಒಂದು ತುದಿ ನೈಲಾನಿನ ತುದಿಯೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಪಿಪಿ–ಪಾಲಿಎಥಿಲೀನ್ ಜೋಡಿ, ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ತಯಾರಾಗುವ ಎರಡು ಪ್ಲಾಸ್ಟಿಕ್ಕುಗಳು, ಬಹುಕಾಲ ಸತಾಯಿಸಿತು. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯಗಳ ತಂಡ ಇವೆರಡರ ತುಂಡುಗಳನ್ನು ಒಂದಾದ ಮೇಲೊಂದು ಜೋಡಿಸಿದ ನಾಲ್ಕು ಖಂಡದ ಸರ ಮಾಡಿ, ಅದರ ಅಲ್ಪ ಪ್ರಮಾಣ ಸೇರಿಸಿದರೂ ಪೆಡಸಾದ ಮಿಶ್ರಣ ಎಳೆದಷ್ಟೂ ಹಿಗ್ಗುವಂತಾಗುತ್ತದೆ ಎಂದು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿತು. ಪೀಣ್ಯದ ಈ ಮೇಜಿಗೆ ಅದು ಇನ್ನೂ ಬಂದಿಲ್ಲ. ಇಲ್ಲಿ ಬಳಸುವುದು ರಬ್ಬರಿನಂಥ ಹಳೆಯ ನೆಂಟರನ್ನೇ. ಕೆಲಸ ಆಗುತ್ತದೆ, ಬೆಲೆ ಏರುತ್ತದೆ.

ತಾವಾಗಿಯೇ ಹೊಂದಿಕೊಳ್ಳುವ ಜೋಡಿಗಳೂ ಇವೆ. ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನ ಪಾಕೆಟ್ ಎಲ್‌ಡಿ ಮತ್ತು ಎಲ್‌ಎಲ್‌ಡಿ ಎಂಬ ಪಾಲಿಎಥಿಲೀನ್ ದಾಯಾದಿಗಳ ಬೆರಕೆ. ಒಂದು ಹಾಳೆಯಾಗಿ ಸಲೀಸಾಗಿ ಊದಿಕೊಳ್ಳುತ್ತದೆ, ಇನ್ನೊಂದು ಚುಚ್ಚಿದರೂ ಹರಿಯದ ಗಟ್ಟಿತನ ಕೊಡುತ್ತದೆ. ಲ್ಯಾಪ್‌ಟಾಪಿನ ಕವಚದಲ್ಲಿ ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಒಟ್ಟಿಗಿರುತ್ತವೆ. ಪಾಲಿಫಿನೈಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರಿನ್ ಅಣುಮಟ್ಟದಲ್ಲೇ ಬೆರೆಯುವ ಅಪರೂಪದ ಜೋಡಿ. ಜನರಲ್ ಎಲೆಕ್ಟ್ರಿಕ್ ಕಂಪನಿ ಅದನ್ನು 1960ರ ದಶಕದಲ್ಲೇ ನೋರಿಲ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ದೋಸೆ ಹಿಟ್ಟಿನ ನನ್ನ ಹೋಲಿಕೆ ಪೂರ್ತಿ ತಪ್ಪಾಗಿರಲಿಲ್ಲ ಎಂದು ಸಮಾಧಾನವಾಯಿತು.

ಕೊನೆಗೆ ಟೆಸ್ಟಿಂಗ್ ಕೋಣೆ. ಇಡೀ ಘಟಕದಲ್ಲಿ ತಂಪಾಗಿದ್ದ ಜಾಗ ಇದೊಂದೇ, ಅದೂ ಜನರಿಗಾಗಿ ಅಲ್ಲ. ಪರೀಕ್ಷೆಯ ತುಂಡುಗಳನ್ನು 23 ಡಿಗ್ರಿ ಬಿಸಿ, ಶೇಕಡ 50 ತೇವದಲ್ಲಿ 40 ತಾಸು ಇಟ್ಟ ಮೇಲೆಯೇ ಮುರಿಯಬೇಕೆಂಬುದು ನಿಯಮ. ಇಲ್ಲದಿದ್ದರೆ ಇಂದಿನ ಅಂಕಿಯನ್ನು ನಾಳಿನದರ ಪಕ್ಕ ಇಡಲಾಗುವುದಿಲ್ಲ.

ಒಂದು ಮೂಲೆಯಲ್ಲಿ ಎಂಎಫ್‌ಐ ಯಂತ್ರ. 230 ಡಿಗ್ರಿಗೆ ಕಾಸಿದ ಪಿಪಿಯ ಮೇಲೆ 2.16 ಕಿಲೊ ಭಾರವಿಟ್ಟು ಹತ್ತು ನಿಮಿಷದಲ್ಲಿ ಸಣ್ಣ ತೂತಿನಿಂದ ಎಷ್ಟು ಗ್ರಾಂ ಇಳಿಯುತ್ತದೆಂದು ನೋಡುತ್ತದೆ. ಗೊಬ್ಬರದ ಚೀಲ ನೇಯುವ ಪಿಪಿ ಸುಮಾರು 3 ಗ್ರಾಂ ಇಳಿದರೆ, ಅಚ್ಚಿಗೆ ಹಾಕುವ ಸಾಮಾನ್ಯ ಪಿಪಿ ಸುಮಾರು 11. ಎರಡೂ ಪಿಪಿಯೇ, ಸರದ ಉದ್ದ ಬೇರೆ. ಪಿಪಿ ಮತ್ತೆ ಮತ್ತೆ ಕರಗಿದಷ್ಟೂ ಸರ ತುಂಡಾಗಿ ಅಂಕಿ ಏರುತ್ತದೆ. ಗೋಡೆಯ ಪಕ್ಕ ಐಜಾಡ್ ಯಂತ್ರ. ಬೆರಳುದ್ದದ ತುಂಡಿಗೆ 2.5 ಮಿಲಿಮೀಟರ್ ಆಳದ ಕಚ್ಚು ಮಾಡಿ ನಿಲ್ಲಿಸಿ, ಲೋಲಕದ ಸುತ್ತಿಗೆಯನ್ನು ಮೇಲಿನಿಂದ ಬಿಡುತ್ತಾರೆ. ತುಂಡು ಮುರಿದು ಸುತ್ತಿಗೆ ಆಚೆ ಎಷ್ಟು ಎತ್ತರ ಹೋಯಿತೆಂಬುದರಿಂದ, ಮುರಿಯಲು ಎಷ್ಟು ಶಕ್ತಿ ಖರ್ಚಾಯಿತೆಂಬ ಲೆಕ್ಕ.

ನಡುವೆ ನಿಂತದ್ದು ಎಳೆಯುವ ಯಂತ್ರ. ಪರೀಕ್ಷೆ ಮಾಡುವ ಹುಡುಗಿ ಎರಡು ತುಂಡು ತಂದಳು. ನಡುವೆ ಸೊಂಟ ಸಣ್ಣಗಿರುವ, 165 ಮಿಲಿಮೀಟರ್ ಉದ್ದದ ಪಟ್ಟಿಗಳು. ನೋಡಲು ಎರಡೂ ಒಂದೇ ಬೂದು ಬಣ್ಣ, ಎರಡೂ ಹಳೆ ಪ್ಲಾಸ್ಟಿಕ್ಕಿನದೇ. ಒಂದು, ತೊಟ್ಟಿಯಲ್ಲಿ ತೇಲಿದ್ದನ್ನೆಲ್ಲ ಹಾಗೇ ಕರಗಿಸಿದ ಲಾಟಿನದು. ಇನ್ನೊಂದು, ಕೈಯಲ್ಲಿ ಆರಿಸಿದ ಪಿಪಿ ಲಾಟಿನದು.

ಮೊದಲನೆಯದನ್ನು ಕಚ್ಚಿಸಿ ಗುಂಡಿ ಒತ್ತಿದಳು. ಹಿಡಿ ನಿಮಿಷಕ್ಕೆ 50 ಮಿಲಿಮೀಟರ್ ವೇಗದಲ್ಲಿ ಮೇಲೇರಿತು. ಪರದೆಯ ಗೆರೆ ಸರಸರ ಹತ್ತಿತು, ಟಪ್ ಎಂದಿತು. ಹತ್ತು ಸೆಕೆಂಡ್ ಆಗಿರಲಿಲ್ಲ. "ಫೋರ್ಸ್ ನೋಡಿ ಮೇಡಂ, ತುಂಬ ಕಮ್ಮಿ ಏನಲ್ಲ," ಎಂದು ಪರದೆ ತೋರಿಸಿದಳು. "ಎಷ್ಟು ಬಲಕ್ಕೆ ಹರಿಯುತ್ತೆ ಅನ್ನೋದನ್ನಷ್ಟೇ ಬರ್ಕೊಂಡ್ರೆ ಇದೂ ಪಾಸು. ಎಷ್ಟು ಹಿಗ್ಗುತ್ತೆ ಅಂತ ನೋಡಿದ್ರೆ ಮಾತ್ರ ಬಣ್ಣ ಬಯಲಾಗೋದು." ಮುರಿದ ಮುಖವನ್ನು ಭೂತಗನ್ನಡಿಯ ಕೆಳಗಿಟ್ಟಳು. ಎಲೆ ಎಲೆಯಾಗಿ ಎದ್ದ ಪದರಗಳು. ನನ್ನ ನೀಲಿ ಚೂರನ್ನು ಪಕ್ಕಕ್ಕಿಟ್ಟು ನೋಡಿದೆ. ಅದೇ ಮುಖ.

2022ರಲ್ಲಿ ತಿದ್ದಿದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗಟ್ಟಿ ಪ್ಯಾಕೇಜಿಂಗ್‌ನಲ್ಲಿ ಮರುಬಳಕೆಯ ಪ್ಲಾಸ್ಟಿಕ್ ಇಂತಿಷ್ಟು ಇರಲೇಬೇಕೆಂದು 2025–26ರಿಂದ ಗುರಿ ಹಾಕಿಕೊಟ್ಟಿವೆ, ಶೇಕಡ 30ರಿಂದ ಶುರುವಾಗಿ ಏರುತ್ತ ಹೋಗುವ ಗುರಿ. ಒಳ್ಳೆಯದೇ. ಆದರೆ ಆ ಲೆಕ್ಕ ತೂಕದ್ದು. ತೂಕದ ಲೆಕ್ಕದಲ್ಲಿ ಈ ಎರಡು ಬೂದು ಪಟ್ಟಿಗಳಿಗೆ ವ್ಯತ್ಯಾಸವೇ ಇಲ್ಲ. ಕೋಣೆಯ ಗೋಡೆಯ ಮೇಲಿದ್ದ ಲಾಟ್ ಪಟ್ಟಿಯಲ್ಲಿ ದಿನಾಂಕವಿತ್ತು, ಯಂತ್ರದ ಬಿಸಿಯಿತ್ತು, ಎಂಎಫ್‌ಐ ಇತ್ತು, ಪಾಳಿಯ ಆಪರೇಟರ್ ಹೆಸರಿತ್ತು. ಆರಿಸಿದವರು ಯಾರೆಂಬುದಕ್ಕೆ ಕಲಮೇ ಇರಲಿಲ್ಲ. ಇರಬೇಕಿತ್ತು ಎಂದು ಮಾಲೀಕರಿಗೆ ಹೇಳಿದೆ. ಅವರು ಪಟ್ಟಿಯನ್ನೇ ನೋಡುತ್ತ ನಿಂತರು, ತಲೆಯಾಡಿಸಿದರು.

ಹುಡುಗಿ ಎರಡನೆಯ ಪಟ್ಟಿ ಹಾಕಿದಳು. ಗೆರೆ ಮೊದಲಿನಂತೆಯೇ ಹತ್ತಿತು, ತುದಿಯಲ್ಲಿ ತುಸು ಇಳಿಯಿತು. ಪಟ್ಟಿಯ ಸೊಂಟದಲ್ಲಿ ಒಂದು ಕಡೆ ಸಣ್ಣಗಾಗಿ ಕುತ್ತಿಗೆಯೊಂದು ಮೂಡಿತು. ಬೂದು ಬಣ್ಣ ಅಲ್ಲಿ ಬಿಳುಪಾಯಿತು. ಇನ್ನೇನು ಹರಿಯಿತು ಎಂದು ನಾನು ಉಸಿರು ಹಿಡಿದೆ. ಹರಿಯಲಿಲ್ಲ. ಕುತ್ತಿಗೆ ಮೇಲಕ್ಕೂ ಕೆಳಕ್ಕೂ ಹರಡುತ್ತ ಹೋಯಿತು, ಒಳಗಿನ ಸರಗಳು ಒಂದೊಂದಾಗಿ ಬಿಚ್ಚಿಕೊಂಡು ಎಳೆತದ ದಿಕ್ಕಿಗೆ ಮಲಗುತ್ತಿದ್ದವು. ಒಂದು ನಿಮಿಷ ಕಳೆಯಿತು. ಇನ್ನೊಂದು. ಯಂತ್ರದ ಹಿಡಿ ನನ್ನ ಭುಜದ ಎತ್ತರ ದಾಟಿ ಮೇಲೇರುತ್ತಲೇ ಇತ್ತು.

ಹುಡುಗಿ ಸ್ಟೂಲೊಂದನ್ನು ನನ್ನತ್ತ ಸರಿಸಿದಳು. "ಕೂತ್ಕೊಳ್ಳಿ ಮೇಡಂ, ಇದು ಇನ್ನೂ ಹೊತ್ತು ತಗೊಳುತ್ತೆ."